ಲಾಗ್ ಫೈಲ್ ಅಳಿಸಿದರೂ ಡಿಸ್ಕಿನಲ್ಲಿ ಜಾಗ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮ ಸಂಸ್ಥೆಯ ವೆಬ್‌ಸೈಟ್ ಬಾಡಿಗೆ ಸರ್ವರೊಂದರಲ್ಲಿದೆ. ಉಬುಂಟು 22.04 (ಲಿನಕ್ಸ್), ಎಂಜಿನ್‌ಎಕ್ಸ್ (ವೆಬ್ ಸರ್ವರ್), ಪಿಎಚ್‌ಪಿ, ಮೈಎಸ್‌ಕ್ಯೂಎಲ್ (ಡೇಟಾಬೇಸ್). ಡಿಸ್ಕ್ 40 ಜಿಬಿ. ಮೊನ್ನೆ ಡಿಸ್ಕ್ 100% ತುಂಬಿ ಸೈಟ್ ನಿಂತುಹೋಯಿತು. ಸೈಟಿನ ಫೋಲ್ಡರಿನೊಳಗಿನ ಲಾಗ್ಸ್ ಫೋಲ್ಡರಿನಲ್ಲಿ ಆಕ್ಸೆಸ್ ಲಾಗ್ (ಸೈಟಿಗೆ ಬಂದ ಪ್ರತಿ ಕೋರಿಕೆಯ ದಾಖಲೆ) ಒಂದೇ 18 ಜಿಬಿ ಇತ್ತು. ಅಳಿಸಿದೆ, ಆದರೂ ಜಾಗ ಬರಲಿಲ್ಲ. ಸರ್ವರ್ ರೀಸ್ಟಾರ್ಟ್ ಮಾಡಿದ ಮೇಲೆ ಬಂತು. ಹೀಗೆ ಯಾಕಾಗುತ್ತದೆ? ಲಾಗ್‌ಗಳನ್ನು ಎಷ್ಟು ದಿನ ಇಡಬೇಕು? ಅಷ್ಟು ದೊಡ್ಡ ಫೈಲಿನಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆ?

ಉತ್ತರ: ಮೊದಲೇ ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಲಿನಕ್ಸ್‌ನಲ್ಲಿ ಆರ್‌ಎಂ ಕಮಾಂಡ್ ಅಳಿಸುವುದು ಫೈಲಿನ ಹೆಸರನ್ನು ಮಾತ್ರ. ಫೈಲಿನೊಳಗಿನ ಮಾಹಿತಿ ಡಿಸ್ಕಿನ ಮೇಲೆ ಹಾಗೇ ಇರುತ್ತದೆ. ಆ ಫೈಲನ್ನು ತೆರೆದು ಹಿಡಿದಿರುವ ಕೊನೆಯ ಪ್ರೋಗ್ರಾಂ ಕೈಬಿಟ್ಟಾಗಲೇ ಜಾಗ ಮರಳಿ ಸಿಗುವುದು. ಎಂಜಿನ್‌ಎಕ್ಸ್ ಶುರುವಾಗುವಾಗ ಲಾಗ್ ಫೈಲನ್ನು ಒಮ್ಮೆ ತೆರೆದರೆ, ಯಾರಾದರೂ ಹೇಳುವ ತನಕ ಮುಚ್ಚುವುದಿಲ್ಲ. ನೀವು ಹೆಸರು ಅಳಿಸಿದ ಮೇಲೂ ಅದು ಅದೇ 18 ಜಿಬಿಯ ಬಾಲಕ್ಕೆ ಹೊಸ ಸಾಲುಗಳನ್ನು ಸೇರಿಸುತ್ತಲೇ ಇತ್ತು. ರೀಸ್ಟಾರ್ಟಿನಲ್ಲಿ ಎಂಜಿನ್‌ಎಕ್ಸ್ ನಿಂತಿತು, ಜಾಗ ಬಂತು. ಇಡೀ ಸರ್ವರನ್ನು ಮಲಗಿಸಿ ಎಬ್ಬಿಸುವ ಅಗತ್ಯವೇ ಇರಲಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ಡಿಎಫ್ ಕಮಾಂಡ್ ತೋರಿಸುವ ಇಡೀ ಡಿಸ್ಕಿನ ಬಳಕೆಗೂ ಡಿಯು ಕಮಾಂಡ್ ಒಂದೊಂದೇ ಫೈಲನ್ನು ಕೂಡಿಸಿ ಹೇಳುವ ಮೊತ್ತಕ್ಕೂ ಹಲವು ಜಿಬಿ ವ್ಯತ್ಯಾಸ ಬಂದರೆ ಹೆಸರಿಲ್ಲದ ಫೈಲೊಂದು ಎಲ್ಲೋ ಕೂತಿದೆ ಎಂದರ್ಥ. ‘ಸುಡೊ ಎಲ್‌ಎಸ್‌ಒಎಫ್ +ಎಲ್1’ (+ ನಂತರದ ಎಲ್ ದೊಡ್ಡಕ್ಷರ; ಸುಡೊ ಎಂದರೆ ನಿರ್ವಾಹಕರ ಹಕ್ಕಿನಿಂದ ಓಡಿಸು) ಎಂದು ಹೊಡೆದರೆ ಅಳಿಸಿದರೂ ತೆರೆದೇ ಇರುವ ಫೈಲುಗಳ ಪಟ್ಟಿ, ಹಿಡಿದಿರುವ ಪ್ರೋಗ್ರಾಂ, ಅದರ ಪ್ರೋಸೆಸ್ ಸಂಖ್ಯೆ, ಫೈಲ್ ಹಿಡಿಕೆಯ ಸಂಖ್ಯೆ ಎಲ್ಲ ಬರುತ್ತವೆ. ಪ್ರೋಸೆಸ್ 1234, ಹಿಡಿಕೆ 7 ಎಂದಿಟ್ಟುಕೊಳ್ಳಿ. ಆ ಫೈಲ್ /ಪ್ರೊಕ್/1234/ಎಫ್‌ಡಿ/7 ಎಂಬ ದಾರಿಯಲ್ಲಿ ಇನ್ನೂ ಸಿಗುತ್ತದೆ. ಆತುರದಲ್ಲಿ ಅಳಿಸಿದ ಲಾಗ್ ಆಮೇಲೆ ಬೇಕೆನಿಸಿದರೆ, ಪ್ರೋಗ್ರಾಂ ನಿಲ್ಲಿಸುವ ಮೊದಲು ಅಲ್ಲಿಂದಲೇ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಬೇಡವಾದರೆ ‘ಸುಡೊ ಎಂಜಿನ್‌ಎಕ್ಸ್ -ಎಸ್ ರಿಓಪನ್’ ಸಾಕು: ಹಳೆಯದನ್ನು ಮುಚ್ಚಿ ಅದೇ ಹೆಸರಿನಲ್ಲಿ ಹೊಸ ಫೈಲ್ ತೆರೆಯುತ್ತದೆ, ಸೈಟ್ ಒಂದು ಕ್ಷಣವೂ ನಿಲ್ಲುವುದಿಲ್ಲ.

ಇನ್ನೊಮ್ಮೆ ಹೀಗಾದರೆ ಅಳಿಸಬೇಡಿ, ಖಾಲಿ ಮಾಡಿ: ‘ಸುಡೊ ಟ್ರಂಕೇಟ್ -ಎಸ್ 0’ ಮತ್ತು ಫೈಲಿನ ಹೆಸರು. ಎಂಜಿನ್‌ಎಕ್ಸ್ ಪ್ರತಿ ಸಾಲನ್ನೂ ಫೈಲಿನ ಕೊನೆಗೇ ಜೋಡಿಸುವ ಕ್ರಮದಲ್ಲಿ ಬರೆಯುವುದರಿಂದ ಇದು ಸುರಕ್ಷಿತ. ಆದರೆ ಕೆಲವು ಅಪ್ಲಿಕೇಶನ್‌ಗಳು ತಾವು ಎಲ್ಲಿಯವರೆಗೆ ಬರೆದಿದ್ದೇವೆ ಎಂಬ ಲೆಕ್ಕ ಹಿಡಿದು ಬರೆಯುತ್ತವೆ. ಅಂಥ ಫೈಲನ್ನು ಖಾಲಿ ಮಾಡಿದರೆ ಮುಂದಿನ ಸಾಲು 18 ಜಿಬಿಯ ಗುರುತಿನಲ್ಲೇ ಬೀಳುತ್ತದೆ. ಹಿಂದಿನದೆಲ್ಲ ಸೊನ್ನೆ ಬೈಟ್‌ಗಳ ಟೊಳ್ಳು. ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್ 18 ಜಿಬಿ ಎನ್ನುತ್ತದೆ, ಡಿಯು ಕೆಲವೇ ಕೆಬಿ ಎನ್ನುತ್ತದೆ, ಪದ ಹುಡುಕುವ ಗ್ರೆಪ್ ‘ಇದು ಬೈನರಿ ಫೈಲ್’ ಎಂದು ಗೊಣಗುತ್ತದೆ. ಅಂಥ ಅಪ್ಲಿಕೇಶನ್ನನ್ನು ರೀಸ್ಟಾರ್ಟ್ ಮಾಡುವುದೇ ದಾರಿ. ಇನ್ನೊಂದು ಎಡವಟ್ಟು: ಸುಡೊ ಹಾಕಿ > ಚಿಹ್ನೆಯಿಂದ ಖಾಲಿ ಮಾಡಲು ಹೊರಟರೆ ‘ಪರ್ಮಿಷನ್ ಡಿನೈಡ್’ ಬರುತ್ತದೆ. ಆ ಚಿಹ್ನೆಯ ಕೆಲಸ ಮಾಡುವುದು ನಿಮ್ಮ ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ), ಸುಡೊ ಅಲ್ಲ.

ಇಷ್ಟು ತಕ್ಷಣದ ಮದ್ದು. ಆದರೆ ಫೈಲ್ 18 ಜಿಬಿ ಬೆಳೆದದ್ದೇ ಯಾಕೆ ಎಂಬುದು ಅಸಲಿ ಪ್ರಶ್ನೆ. ಉಬುಂಟುವಿನ ಎಂಜಿನ್‌ಎಕ್ಸ್ ಪ್ಯಾಕೇಜು ತನ್ನ ಜೊತೆಗೇ ಲಾಗ್‌ರೊಟೇಟ್ (ಲಾಗ್ ಫೈಲುಗಳನ್ನು ಆಗಾಗ ಬದಲಿಸುವ ಪ್ರೋಗ್ರಾಂ) ನಿಯಮವೊಂದನ್ನು ತರುತ್ತದೆ. ಅದು ದಿನಕ್ಕೊಮ್ಮೆ ಫೈಲ್ ಬದಲಿಸಿ, ಹಳೆಯದನ್ನು ಜಿಜಿಪ್ ಮಾಡಿ (ಕುಗ್ಗಿಸಿ), 14 ಇಟ್ಟುಕೊಂಡು ಉಳಿದದ್ದನ್ನು ತೆಗೆಯುತ್ತದೆ. ಆ ನಿಯಮ ನೋಡುವುದು /ವಾರ್/ಲಾಗ್/ಎಂಜಿನ್‌ಎಕ್ಸ್ ಫೋಲ್ಡರಿನಲ್ಲಿ ‘.ಲಾಗ್’ ಎಂದು ಕೊನೆಯಾಗುವ ಫೈಲುಗಳನ್ನು ಮಾತ್ರ. ನಿಮ್ಮ ಲಾಗ್ ಇದ್ದದ್ದು ಸೈಟಿನ ಫೋಲ್ಡರಿನೊಳಗೆ; ಅದರ ಕಡೆ ಯಾರೂ ತಿರುಗಿ ನೋಡಿಲ್ಲ.

ಆ ಫೋಲ್ಡರಿಗೂ ಒಂದು ನಿಯಮ ಬರೆದುಬಿಡೋಣ ಅನ್ನಿಸುವುದು ಸಹಜ. ಆದರೆ ಸೈಟಿನ ಫೋಲ್ಡರುಗಳಿಗೆ ಸಾಮಾನ್ಯವಾಗಿ ವೆಬ್ ಸರ್ವರಿನ ಗುಂಪಿಗೂ ಬರೆಯುವ ಅನುಮತಿ ಕೊಟ್ಟಿರುತ್ತಾರೆ. ರೂಟ್ (ಮುಖ್ಯ ನಿರ್ವಾಹಕ) ಅಲ್ಲದ ಗುಂಪು ಬರೆಯಬಹುದಾದ ಫೋಲ್ಡರನ್ನು ಲಾಗ್‌ರೊಟೇಟ್ ಮುಟ್ಟುವುದಿಲ್ಲ. ‘ಮೇಲಿನ ಫೋಲ್ಡರಿನ ಅನುಮತಿ ಸುರಕ್ಷಿತವಲ್ಲ’ ಎಂಬರ್ಥದ ಒಂದು ಸಾಲು ಬರೆದು ಮುಂದೆ ಹೋಗುತ್ತದೆ, ಆ ಸಾಲನ್ನು ಯಾರೂ ಓದುವುದಿಲ್ಲ. ನಿಯಮದೊಳಗೆ ‘ಎಸ್‌ಯು’ ಸಾಲು (ಯಾವ ಬಳಕೆದಾರರಾಗಿ ಓಡಬೇಕೆಂದು ಹೇಳುವುದು) ಸೇರಿಸಿ ಇದನ್ನು ದಾಟಬಹುದು. ನನ್ನ ಸಲಹೆ ಅದಲ್ಲ. ಲಾಗನ್ನೇ /ವಾರ್/ಲಾಗ್/ಎಂಜಿನ್‌ಎಕ್ಸ್ ಒಳಗೆ ಸೈಟಿನ ಹೆಸರಿನ ಫೈಲಾಗಿ ಸರಿಸಿ. ಸೈಟಿನ ಸಂರಚನೆಯಲ್ಲಿ ಆಕ್ಸೆಸ್ ಲಾಗ್, ಎರರ್ ಲಾಗ್ ಎರಡರ ದಾರಿಯನ್ನೂ ಬದಲಿಸಿ, ‘ಎಂಜಿನ್‌ಎಕ್ಸ್ -ಟಿ’ಯಿಂದ ಪರೀಕ್ಷಿಸಿ, ರೀಲೋಡ್ ಮಾಡಿ. ಸೈಟಿನ ಫೋಲ್ಡರಿನಲ್ಲಿ ಲಾಗ್ ಇರಬಾರದೆನ್ನಲು ಇನ್ನೂ ದೊಡ್ಡ ಕಾರಣವಿದೆ: ಅದು ವೆಬ್ ರೂಟಿನ (ಬ್ರೌಸರಿಗೆ ಕಾಣುವ ಫೋಲ್ಡರಿನ) ಒಳಗಿದ್ದರೆ ಬ್ರೌಸರಿನಲ್ಲಿ ವಿಳಾಸ ಊಹಿಸಿದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ವರ್ಡ್‌ಪ್ರೆಸ್‌ನ ಡೀಬಗ್ ಲಾಗ್ ಡಬ್ಲ್ಯುಪಿ-ಕಂಟೆಂಟ್ ಫೋಲ್ಡರಿನಲ್ಲಿ ಬೀಳುತ್ತದೆ ಎಂಬುದು ಬಾಟ್‌ಗಳಿಗೂ ಬಾಯಿಪಾಠ; ನಿಮ್ಮ ಆಕ್ಸೆಸ್ ಲಾಗಿನಲ್ಲೇ ಆ ವಿಳಾಸ ತಡಕಾಡಿದ ಸಾಲುಗಳು ಸಿಕ್ಕರೆ ಆಶ್ಚರ್ಯಪಡಬೇಡಿ.

ಈಗ ನಿಯಮವನ್ನು ತಿದ್ದೋಣ. /ಇಟಿಸಿ/ಲಾಗ್‌ರೊಟೇಟ್.ಡಿ ಫೋಲ್ಡರಿನಲ್ಲಿರುವ ಎಂಜಿನ್‌ಎಕ್ಸ್ ಹೆಸರಿನ ಫೈಲಿನಲ್ಲಿ ರೊಟೇಟ್ ಸಂಖ್ಯೆಯನ್ನು 14ರಿಂದ 200ಕ್ಕೆ ಏರಿಸಿ (200 ಯಾಕೆಂದು ಮುಂದೆ ಹೇಳುತ್ತೇನೆ) ಮತ್ತು ‘ಡೇಟ್‌ಎಕ್ಸ್‌ಟಿ’ ಎಂಬ ಸಾಲು ಸೇರಿಸಿ. ಅದಿಲ್ಲದಿದ್ದರೆ ಹಳೆಯ ಫೈಲುಗಳಿಗೆ .1, .2, .3 ಎಂದು ಹೆಸರಿಟ್ಟು, ದಿನಾ ಎಲ್ಲದರ ಸಂಖ್ಯೆಯನ್ನೂ ಒಂದೊಂದು ಏರಿಸಲಾಗುತ್ತದೆ. ಬೇರೆ ಯಂತ್ರಕ್ಕೆ ಆರ್‌ಸಿಂಕ್‌ನಿಂದ ನಕಲು ಮಾಡುವಾಗ ದಿನವೂ ಎಲ್ಲ ಫೈಲೂ ಬದಲಾದಂತೆ ಕಂಡು ಎಲ್ಲವನ್ನೂ ಮತ್ತೆ ಸಾಗಿಸಬೇಕಾಗುತ್ತದೆ. ಡೇಟ್‌ಎಕ್ಸ್‌ಟಿ ಇದ್ದರೆ ಹೆಸರಿನಲ್ಲೇ ದಿನಾಂಕ ಕೂರುತ್ತದೆ, ಆಮೇಲೆ ಬದಲಾಗುವುದಿಲ್ಲ. ‘ಕಂಪ್ರೆಸ್’ ಜೊತೆ ‘ಡಿಲೇಕಂಪ್ರೆಸ್’ ಇರುವುದನ್ನು ತೆಗೆಯಬೇಡಿ. ಫೈಲಿನ ಹೆಸರು ಬದಲಾದ ಮೇಲೂ ಸ್ವಲ್ಪ ಹೊತ್ತು ಹಳೆಯ ಫೈಲಿಗೇ ಬರೆಯುವ ಪ್ರೋಗ್ರಾಂಗಳಿರುತ್ತವೆ. ಒಂದು ದಿನ ತಡೆದು ಕುಗ್ಗಿಸಿದರೆ ಆ ಸಾಲುಗಳು ಕಳೆದುಹೋಗುವುದಿಲ್ಲ.

ನಿಯಮದ ಕೊನೆಯಲ್ಲಿರುವ ‘ಪೋಸ್ಟ್‌ರೊಟೇಟ್’ ಭಾಗವೇ ಎಂಜಿನ್‌ಎಕ್ಸ್‌ಗೆ ಹೊಸ ಫೈಲ್ ತೆರೆಯಲು ಸಂಕೇತ ಕೊಡುವುದು. ಅದು ಕೆಟ್ಟರೆ ಲಕ್ಷಣ ಸ್ಪಷ್ಟ: ಆಕ್ಸೆಸ್ ಲಾಗ್ 0 ಬೈಟ್, ನಿನ್ನೆಯ ಹೆಸರಿನ ಫೈಲ್ ಮಾತ್ರ ಬೆಳೆಯುತ್ತಾ ಇರುತ್ತದೆ. ಹೊಸ ನಿಯಮ ಬರೆಯುವವರು ಹೆಸರಿನ ಜಾಗದಲ್ಲಿ ‘*.ಲಾಗ್’ ಬದಲು ಬರೀ ‘*’ ಹಾಕಿ ಸಿಕ್ಕಿಬೀಳುವುದೂ ಇದೆ. ಆಗ ಬದಲಿಸಿದ ಫೈಲುಗಳೇ ಮತ್ತೆ ಬದಲಾಗಿ .1.1.1 ಎಂದು ಬಾಲ ಬೆಳೆಯುತ್ತದೆ. ಒಂದೇ ಫೈಲ್ ಎರಡು ನಿಯಮಗಳಲ್ಲಿ ಬಂದರೂ ಲಾಗ್‌ರೊಟೇಟ್ ದೂರುತ್ತದೆ. ತಿದ್ದಿದ ಮೇಲೆ ‘ಸುಡೊ ಲಾಗ್‌ರೊಟೇಟ್ -ಡಿ’ ಜೊತೆ ನಿಯಮದ ಫೈಲಿನ ದಾರಿ ಕೊಡಿ. ಏನು ಮಾಡಲಿದ್ದೇನೆಂದು ಹೇಳುತ್ತದೆ, ಏನನ್ನೂ ಮಾಡುವುದಿಲ್ಲ. ಸರಿ ಕಂಡರೆ -ಎಫ್ ಕೊಟ್ಟು ಒಮ್ಮೆ ನಿಜಕ್ಕೂ ಓಡಿಸಿ ನೋಡಿ.

ಗಾತ್ರದ ಮಿತಿಯ ಬಗ್ಗೆ ಒಂದು ತಪ್ಪು ಕಲ್ಪನೆ ಬಹಳ ಕಡೆ ಇದೆ. ‘ಸೈಜ್ 100ಎಂ’ (ಎಂ ದೊಡ್ಡಕ್ಷರ) ಎಂದು ಬರೆದರೆ 100 ಎಂಬಿ ದಾಟಿದ ಕೂಡಲೇ ಫೈಲ್ ಬದಲಾಗುತ್ತದೆ ಅಂದುಕೊಳ್ಳುತ್ತಾರೆ. ಲಾಗ್‌ರೊಟೇಟ್ ಯಾವಾಗಲೂ ಕಾವಲು ಕಾಯುವ ಪ್ರೋಗ್ರಾಂ ಅಲ್ಲ. ಉಬುಂಟುವಿನಲ್ಲಿ ಟೈಮರೊಂದು ದಿನಕ್ಕೊಮ್ಮೆ, ಮಧ್ಯರಾತ್ರಿಯ ಆಸುಪಾಸಿನಲ್ಲಿ, ಅದನ್ನು ಎಬ್ಬಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ದಾಳಿ ಶುರುವಾಗಿ ಸಂಜೆಯೊಳಗೆ 20 ಜಿಬಿ ಬರೆದರೂ ಅದು ನಿದ್ದೆಯಲ್ಲೇ ಇರುತ್ತದೆ. ಆ ಭಯವಿದ್ದರೆ ಟೈಮರನ್ನೇ ಗಂಟೆಗೊಮ್ಮೆ ಓಡುವಂತೆ ಬದಲಿಸಿ, ‘ಮ್ಯಾಕ್ಸ್‌ಸೈಜ್’ ಬಳಸಿ. ಸೈಜ್ ಎಂದು ಬರೆದರೆ ದಿನ, ವಾರದ ಲೆಕ್ಕ ಲೆಕ್ಕಕ್ಕಿಲ್ಲ. ಮ್ಯಾಕ್ಸ್‌ಸೈಜ್ ಆದರೆ ದಿನ ಮುಗಿದರೂ ಬದಲಾಗುತ್ತದೆ, ಗಾತ್ರ ಮೀರಿದರೂ ಬದಲಾಗುತ್ತದೆ. ಆಗ ಡೇಟ್‌ಎಕ್ಸ್‌ಟಿ ಹೆಸರಿಗೆ ಗಂಟೆಯನ್ನೂ ಸೇರಿಸಬೇಕು. ಇಲ್ಲವಾದರೆ ಅದೇ ದಿನದ ಎರಡನೆಯ ಫೈಲಿಗೆ ಹೆಸರು ಸಿಗದೆ ಕೆಲಸ ನಿಲ್ಲುತ್ತದೆ. ಹಾಗೆಯೇ ರೊಟೇಟ್ ಸಂಖ್ಯೆ ಎಣಿಸುವುದು ಫೈಲುಗಳನ್ನು, ದಿನಗಳನ್ನಲ್ಲ. ದಿನಕ್ಕೆ ಹಲವು ಫೈಲಾದರೆ 200 ಸಾಲದು.

ನಿಮ್ಮ ಸರ್ವರಿನಲ್ಲಿ ಜಾಗ ತಿನ್ನುವವರು ಇನ್ನೂ ಇಬ್ಬರಿದ್ದಾರೆ. ಸಿಸ್ಟಂಡಿಯ (ಸರ್ವರಿನ ಸೇವೆಗಳನ್ನು ನಡೆಸುವ ವ್ಯವಸ್ಥೆಯ) ಲಾಗ್ ಆದ ಜರ್ನಲ್ ಮೂಲ ಸಂರಚನೆಯಲ್ಲಿ ಫೈಲ್ ಸಿಸ್ಟಮ್ಮಿನ 10% ತನಕ, ಗರಿಷ್ಠ 4 ಜಿಬಿ, ಬೆಳೆಯಬಹುದು. ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್ ಎಂಬ ಲಾಗ್ ಬರೆಯುವ ಪ್ರೋಗ್ರಾಂ ಕೂಡ ಓಡುವುದರಿಂದ ಬಹುಪಾಲು ಸಂದೇಶಗಳು ಎರಡು ಕಡೆ ದಾಖಲಾಗುತ್ತವೆ. ‘ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್’ನಿಂದ ಗಾತ್ರ ನೋಡಿ, ‘--ವ್ಯಾಕ್ಯೂಮ್-ಸೈಜ್=500ಎಂ’ (ಕೊನೆಯ ಎಂ ದೊಡ್ಡಕ್ಷರ) ಕೊಟ್ಟು ಇಳಿಸಿ, ಜರ್ನಲ್‌ಡಿ ಸಂರಚನೆಯಲ್ಲಿ ‘ಸಿಸ್ಟಂಮ್ಯಾಕ್ಸ್‌ಯೂಸ್’ (ಮೂರೂ ಪದಗಳ ಮೊದಲಕ್ಷರ ದೊಡ್ಡದು) ನಿಗದಿ ಮಾಡಿ. ಎರಡನೆಯದು ಮೈಎಸ್‌ಕ್ಯೂಎಲ್ 8ರ ಬೈನರಿ ಲಾಗ್ (ಡೇಟಾಬೇಸಿನಲ್ಲಾದ ಬದಲಾವಣೆಗಳ ದಾಖಲೆ). ಇದು ತಾನಾಗಿಯೇ ಚಾಲೂ ಇರುತ್ತದೆ, 30 ದಿನ ಉಳಿಯುತ್ತದೆ. ಹೆಸರಿನಲ್ಲಿ ಲಾಗ್ ಇದ್ದರೂ ಇದನ್ನು ಆರ್‌ಎಂ ಹಾಕಿ ಅಳಿಸಬಾರದು. ಮೈಎಸ್‌ಕ್ಯೂಎಲ್ ಒಳಗೆ ಹೋಗಿ ‘ಪರ್ಜ್ ಬೈನರಿ ಲಾಗ್ಸ್’ ಆಜ್ಞೆಯಿಂದಲೇ ತೆಗೆಯಬೇಕು, ಇಲ್ಲವೇ ಉಳಿಯುವ ಅವಧಿಯನ್ನು ಸಂರಚನೆಯಲ್ಲಿ ಇಳಿಸಬೇಕು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ‘ಪಿಜಿ_ಎಕ್ಸ್‌ಲಾಗ್’ ಎಂಬ ಫೋಲ್ಡರಿತ್ತು. ಲಾಗ್ ತಾನೇ ಎಂದು ಜನ ಅಳಿಸಿ ಡೇಟಾಬೇಸನ್ನೇ ಕಳೆದುಕೊಳ್ಳುತ್ತಿದ್ದರಿಂದ 2017ರ 10ನೇ ಆವೃತ್ತಿಯಲ್ಲಿ ಅದರ ಹೆಸರನ್ನು ‘ಪಿಜಿ_ವಾಲ್’ ಎಂದು ಬದಲಿಸಿದರು. ಮುಂದೆ ಡಾಕರ್ (ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಬಳಸುವುದಾದರೆ ಇದೂ ನೆನಪಿರಲಿ: ಅದರ ಮೂಲ ಜೆಸನ್ ಲಾಗಿಗೆ ಮಿತಿಯೇ ಇಲ್ಲ. ಡೀಮನ್ ಸಂರಚನೆಯಲ್ಲಿ ‘ಮ್ಯಾಕ್ಸ್-ಸೈಜ್’, ‘ಮ್ಯಾಕ್ಸ್-ಫೈಲ್’ ಹಾಕಬೇಕು, ಹಾಕಿದ ಮೇಲೂ ಅದು ಹೊಸದಾಗಿ ಸೃಷ್ಟಿಸಿದ ಕಂಟೇನರುಗಳಿಗಷ್ಟೇ ಅನ್ವಯ.

ಇನ್ನು ಓದುವ ವಿಚಾರ. ದೊಡ್ಡ ಲಾಗನ್ನು ನ್ಯಾನೊ, ವಿಮ್ ಎಡಿಟರುಗಳಲ್ಲಿ ತೆರೆಯಬೇಡಿ. ಅವು ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಳ್ಳಲು ಹೋಗುತ್ತವೆ. ಮೊದಲೇ ಏದುಸಿರು ಬಿಡುತ್ತಿರುವ ಸರ್ವರಿಗೆ ಅದೊಂದು ಹೊರೆ. ಫೈಲನ್ನು ಸ್ವಲ್ಪಸ್ವಲ್ಪವೇ ತೋರಿಸುವ ಲೆಸ್ ಕಮಾಂಡ್ ಬಳಸಿ. -ಎನ್ (ಸಣ್ಣಕ್ಷರ) ಕೊಟ್ಟರೆ ಸಾಲಿನ ಸಂಖ್ಯೆ ಎಣಿಸುತ್ತಾ ಕೂರುವುದಿಲ್ಲ. ದೊಡ್ಡಕ್ಷರದ ಜಿ ಒತ್ತಿದರೆ ಫೈಲಿನ ಕೊನೆ, ಪ್ರಶ್ನಾರ್ಥಕ ಚಿಹ್ನೆಯಿಂದ ಹಿಂದಕ್ಕೆ ಹುಡುಕಾಟ, & ಒತ್ತಿ ಪದ ಕೊಟ್ಟರೆ ಆ ಪದವಿರುವ ಸಾಲುಗಳು ಮಾತ್ರ. ಜಿಜಿಪ್ ಆದ ಫೈಲುಗಳನ್ನು ಬಿಚ್ಚುವ ಅಗತ್ಯವಿಲ್ಲ, ಜಿಲೆಸ್ ಮತ್ತು ಜಿಗ್ರೆಪ್ ಹಾಗೆಯೇ ಓದುತ್ತವೆ. ಬರುತ್ತಿರುವ ಸಾಲುಗಳನ್ನು ನೋಡಲು ಟೇಲ್ ಕಮಾಂಡಿಗೆ ದೊಡ್ಡಕ್ಷರದ -ಎಫ್ ಕೊಡಿ. ಸಣ್ಣಕ್ಷರದ ಎಫ್ ಹಿಡಿದ ಫೈಲನ್ನೇ ಹಿಡಿದಿರುತ್ತದೆ, ಮಧ್ಯರಾತ್ರಿ ಫೈಲ್ ಬದಲಾದ ಮೇಲೆ ಪರದೆ ಸುಮ್ಮನಾಗುತ್ತದೆ. ದೊಡ್ಡಕ್ಷರದ್ದು ಹೆಸರನ್ನು ಹಿಂಬಾಲಿಸುತ್ತದೆ. ಇದಕ್ಕೆಲ್ಲ ಸುಡೊ ಕೂಡ ಬೇಕಿಲ್ಲ. ನಿಮ್ಮ ಖಾತೆಯನ್ನು ‘ಎಡಿಎಂ’ ಗುಂಪಿಗೆ ಸೇರಿಸಿದರೆ ಬಹುತೇಕ ಲಾಗ್‌ಗಳನ್ನೂ ಜರ್ನಲನ್ನೂ ಓದಬಹುದು, ಕೈತಪ್ಪಿ ಏನನ್ನೂ ಕೆಡಿಸಲಾಗುವುದಿಲ್ಲ.

ಹುಡುಕಾಟಕ್ಕೆ ಮೊದಲು ಗಡಿಯಾರ ನೋಡಿ. ಬಾಡಿಗೆ ಸರ್ವರುಗಳು ಹೆಚ್ಚಾಗಿ ಯುಟಿಸಿಯಲ್ಲಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇರುತ್ತವೆ. ‘ಬೆಳಿಗ್ಗೆ 11ಕ್ಕೆ ಸೈಟ್ ಬಿತ್ತು’ ಎಂದು ಫೋನ್ ಬಂದರೆ ಲಾಗಿನಲ್ಲಿ ನೋಡಬೇಕಾದದ್ದು 05:30. ಭಾರತದ ಸಮಯಕ್ಕೆ ಬದಲಿಸಿದರೂ ಗೊಂದಲ ಪೂರ್ತಿ ತೀರುವುದಿಲ್ಲ. ಎಂಜಿನ್‌ಎಕ್ಸ್‌ನ ಆಕ್ಸೆಸ್ ಲಾಗ್ ಸಮಯದ ಪಕ್ಕ +0530 ಎಂದು ಬರೆಯುತ್ತದೆ, ಅದರದೇ ಎರರ್ ಲಾಗ್ ಸ್ಥಳೀಯ ಸಮಯ ಬರೆದು ಸುಮ್ಮನಾಗುತ್ತದೆ. ಮೈಎಸ್‌ಕ್ಯೂಎಲ್ ಎರರ್ ಲಾಗ್ ನೀವು ಬದಲಿಸದ ಹೊರತು ಯುಟಿಸಿಯಲ್ಲೇ. ಪಿಎಚ್‌ಪಿಗೆ ತನ್ನದೇ ಸಮಯವಲಯದ ಸಂರಚನೆ. ನಾಲ್ಕು ಲಾಗ್ ಪಕ್ಕಪಕ್ಕ ಇಟ್ಟು ಓದುವಾಗ ಈ ಐದೂವರೆ ಗಂಟೆ ಮರೆತರೆ ಸಂಬಂಧವಿಲ್ಲದ ಎರಡು ಘಟನೆಗಳಿಗೆ ನಂಟು ಕಟ್ಟಿಬಿಡುತ್ತೀರಿ.

ಸಮಯ ಖಚಿತವಾದರೆ ಗ್ರೆಪ್ ಸಾಕು. ಆಕ್ಸೆಸ್ ಲಾಗಿನಲ್ಲಿ ಸಮಯದ ಕ್ರಮ ದಿನ/ತಿಂಗಳು/ವರ್ಷ:ಗಂಟೆ:ನಿಮಿಷ. ತಿಂಗಳು ಇಂಗ್ಲಿಷ್ ಹೆಸರಿನ ಮೊದಲ ಮೂರಕ್ಷರ. ನಿಮಿಷದ ಮೊದಲ ಅಂಕಿಗೇ ನಿಲ್ಲಿಸಿ, ಉದಾಹರಣೆಗೆ ವರ್ಷದ ಸಮೇತ ‘2025:09:4’ ಎಂದು ಹುಡುಕಿದರೆ 9:40ರಿಂದ 9:49ರವರೆಗಿನ ಹತ್ತು ನಿಮಿಷ ಒಟ್ಟಿಗೆ ಬರುತ್ತದೆ. ಇದನ್ನು ಕಾಲಂ ಬಿಡಿಸುವ ಔಕ್‌ಗೆ ಕೊಟ್ಟು 9ನೇ ಕಾಲಂ (ಸರ್ವರ್ ಕೊಟ್ಟ ಉತ್ತರದ ಸಂಖ್ಯೆ) ತೆಗೆದು, ಸಾರ್ಟ್, ‘ಯುನಿಕ್ -ಸಿ’ ಹಾಯಿಸಿದರೆ ಆ ಹತ್ತು ನಿಮಿಷದಲ್ಲಿ ಎಷ್ಟು 200, ಎಷ್ಟು 404, ಎಷ್ಟು 502 ಎಂಬ ಲೆಕ್ಕ ಸಿಗುತ್ತದೆ. 1ನೇ ಕಾಲಂ ಐಪಿ ವಿಳಾಸ, 7ನೆಯದು ಕೇಳಿದ ಪುಟ. ಕೆಲವು ಸಾಲುಗಳಲ್ಲಿ ಕಾಲಂ ಜಾರಿದ್ದರೆ ಗಾಬರಿಬೇಡ. ಯಾರೋ ಎಚ್‌ಟಿಟಿಪಿ ಬಾಗಿಲಿಗೆ ಬೇರೆ ಏನನ್ನೋ ಎಸೆದಿರುತ್ತಾರೆ, ಪಕ್ಕದಲ್ಲಿ 400 ಇರುತ್ತದೆ.

ಸಂಖ್ಯೆಗಳು ಹೇಳುವುದು ಬೇರೆಬೇರೆ. 502 ಎಂದರೆ ಎಂಜಿನ್‌ಎಕ್ಸ್ ಎದ್ದಿದೆ, ಹಿಂದಿರುವ ಪಿಎಚ್‌ಪಿ ಕೈಗೆ ಸಿಗುತ್ತಿಲ್ಲ. 504 ಎಂದರೆ ಪಿಎಚ್‌ಪಿ ಕೆಲಸ ತೆಗೆದುಕೊಂಡಿತು, ಗಡುವಿನೊಳಗೆ (ಮೂಲದಲ್ಲಿ 60 ಸೆಕೆಂಡ್) ಮುಗಿಸಲಿಲ್ಲ. 499 ಎಂಜಿನ್‌ಎಕ್ಸ್ ತಾನೇ ಇಟ್ಟುಕೊಂಡ ಸಂಖ್ಯೆ: ಕಾದು ಬೇಸತ್ತು ಬಳಕೆದಾರರೇ ಹೊರಟುಹೋದರು. ಸೈಟ್ ನಿಧಾನವಾದಾಗ 499 ಮೊದಲು ಏರುತ್ತದೆ, 504 ಆಮೇಲೆ. ಅದೇ ನಿಮಿಷದ ಎರರ್ ಲಾಗಿನಲ್ಲಿ ಪಿಎಚ್‌ಪಿ ಸಾಕೆಟ್ಟಿನ ಹೆಸರಿನ ಜೊತೆ ‘11: ರಿಸೋರ್ಸ್ ಟೆಂಪೊರರಿಲಿ ಅನ್‌ಅವೇಲಬಲ್’ ಕಂಡರೆ ನೇರವಾಗಿ ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿಯನ್ನು ನಡೆಸುವ ಸೇವೆ) ಲಾಗಿಗೆ ಹೋಗಿ. ‘ಮ್ಯಾಕ್ಸ್ ಚಿಲ್ಡ್ರನ್’ (ಒಟ್ಟಿಗೆ ಓಡಬಹುದಾದ ಪಿಎಚ್‌ಪಿ ಪ್ರೋಸೆಸ್‌ಗಳ) ಮಿತಿ ಮುಟ್ಟಿತೆಂಬ ಎಚ್ಚರಿಕೆ ಅಲ್ಲಿರುವ ಸಾಧ್ಯತೆ ಹೆಚ್ಚು. ಉಬುಂಟುವಿನ ಮೂಲ ಮಿತಿ ಬರೀ 5. ಹಾಗೆಂದು ಒಮ್ಮೆಲೇ 50ಕ್ಕೆ ಏರಿಸಬೇಡಿ. ಒಂದೊಂದು ಪಿಎಚ್‌ಪಿ ಪ್ರೋಸೆಸ್ ತಿನ್ನುವ ಮೆಮೊರಿಯನ್ನು ಅಳೆದು, ಇರುವ ಮೆಮೊರಿಯನ್ನು ಅದರಿಂದ ಭಾಗಿಸಿ. ಇಲ್ಲವಾದರೆ ಮೆಮೊರಿ ಸಾಲದೆ ಕರ್ನಲ್ (ಲಿನಕ್ಸ್‌ನ ತಿರುಳು) ಮೈಎಸ್‌ಕ್ಯೂಎಲ್ಲನ್ನು ಕೊಂದುಹಾಕುತ್ತದೆ. ಅದರ ಸುಳಿವು ‘ಜರ್ನಲ್‌ಸಿಟಿಎಲ್ -ಕೆ’ಯಲ್ಲಿ ಸಿಗುತ್ತದೆ, ಆದರೆ ಅದು ತೋರಿಸುವುದು ಈಗಿನ ಬೂಟಿನ ಸಂದೇಶಗಳನ್ನು. ನಿಮ್ಮ ಹಾಗೆ ರೀಸ್ಟಾರ್ಟ್ ಮಾಡಿದ ಮೇಲೆ ಹಿಂದಿನದನ್ನು ನೋಡಲು ‘-ಬಿ -1’ ಕೂಡ ಸೇರಿಸಬೇಕು.

ಐಪಿ ವಿಳಾಸ ಎಣಿಸಿ ‘ಇವನೇ ಕಳ್ಳ’ ಎಂದು ತಡೆಯುವ ಮುನ್ನ ಎರಡು ವಿಷಯ ನೋಡಿ. ಸೈಟಿನ ಮುಂದೆ ಕ್ಲೌಡ್‌ಫ್ಲೇರ್ ಅಥವಾ ಲೋಡ್ ಬ್ಯಾಲೆನ್ಸರ್ ಇದ್ದರೆ ಲಾಗಿನಲ್ಲಿರುವುದು ಅವರ ವಿಳಾಸ. ನಿಜವಾದದ್ದು ಬರಬೇಕಾದರೆ ರಿಯಲ್ ಐಪಿ ಮಾಡ್ಯೂಲ್ ಸಂರಚಿಸಬೇಕು, ಅದೂ ಆ ಪ್ರಾಕ್ಸಿಗಳ ವಿಳಾಸಗಳನ್ನು ಮಾತ್ರ ನಂಬುವಂತೆ. ಇನ್ನು, ನಮ್ಮ ಮೊಬೈಲ್ ಜಾಲಗಳಲ್ಲಿ ಒಂದೇ ಐಪಿಯ ಹಿಂದೆ ಬಹಳ ಜನ ಇರುತ್ತಾರೆ. ಹೆಚ್ಚು ಸಾಲು ಕಂಡಿತೆಂದು ತಡೆದರೆ ಊರಿಗೂರೇ ಹೊರಗುಳಿಯಬಹುದು. ಆತ್ ಲಾಗಿನಲ್ಲಿ (ಸರ್ವರಿಗೆ ಲಾಗಿನ್ ಆಗುವ ಪ್ರಯತ್ನಗಳ ದಾಖಲೆ) ‘ಫೇಲ್ಡ್ ಪಾಸ್‌ವರ್ಡ್’ ಸಾಲುಗಳು ಸಾವಿರಗಟ್ಟಲೆ ಇರುವುದೂ ಸಾಮಾನ್ಯ. ಹೊರಗೆ ತೆರೆದ ಪ್ರತಿ ಸರ್ವರನ್ನೂ ಬಾಟ್‌ಗಳು ತಟ್ಟುತ್ತಲೇ ಇರುತ್ತವೆ. ಕಣ್ಣಿಟ್ಟು ಓದಬೇಕಾದದ್ದು ‘ಅಕ್ಸೆಪ್ಟೆಡ್’ ಎಂದು ಶುರುವಾಗುವ ಸಾಲುಗಳನ್ನು, ಯಾವ ಹೊತ್ತಿನಲ್ಲಿ, ಯಾವ ವಿಳಾಸದಿಂದ ಎಂದು.

ಈಗ ರೊಟೇಟ್ ಸಂಖ್ಯೆ 200 ಯಾಕೆಂಬ ಲೆಕ್ಕ. 2022ರ ಏಪ್ರಿಲ್ 28ರಂದು ಸರ್ಟ್-ಇನ್ (ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾತರು, ಡೇಟಾ ಸೆಂಟರುಗಳು, ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು ಸದಾ ಹಿಂದಿನ 180 ದಿನಗಳ ಮಟ್ಟಿಗೆ ಇಟ್ಟುಕೊಂಡಿರಬೇಕು. ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರಗಳನ್ನು ಎನ್‌ಐಸಿ ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಸಮಯ ಸರ್ವರುಗಳಿಗೋ ಅವುಗಳಿಗೆ ಹೊಂದಿಕೊಂಡವಕ್ಕೋ ಕಟ್ಟಿರಬೇಕು. 180ರ ಮೇಲೆ ಸ್ವಲ್ಪ ಹೆಚ್ಚುವರಿ ಇರಲೆಂದು 200 ಎಂದೆ. ನೀವು 18 ಜಿಬಿಯನ್ನು ಅಳಿಸಿದ್ದು ಈ ದೃಷ್ಟಿಯಿಂದಲೂ ಒಳ್ಳೆಯದಾಗಲಿಲ್ಲ. ಜಾಗದ ಚಿಂತೆ ಬೇಡ: ದಿನಕ್ಕೆ 100 ಎಂಬಿ ಲಾಗ್ ಬಂದರೆ 180 ದಿನಕ್ಕೆ ಹತ್ತಿರಹತ್ತಿರ 18 ಜಿಬಿ, ಆದರೆ ಒಂದೇ ಮಾದರಿಯ ಸಾಲುಗಳಾದ್ದರಿಂದ ಜಿಜಿಪ್ ಅದನ್ನು ಸಾಮಾನ್ಯವಾಗಿ ಹತ್ತನೇ ಒಂದು ಭಾಗದ ಆಸುಪಾಸಿಗೆ ತರುತ್ತದೆ. ಆರು ತಿಂಗಳಿಗೆ ಸುಮಾರು 2 ಜಿಬಿ.

ಇಷ್ಟು ದಿನ ಇಡುವುದಾದರೆ ಒಳಗೆ ಏನು ಬೀಳುತ್ತಿದೆ ಎಂದು ಒಮ್ಮೆ ನೋಡಲೇಬೇಕು. ಫಾರ್ಮು ಗೆಟ್ ವಿಧಾನದಲ್ಲಿ ಕಳಿಸಿದರೆ ಮೊಬೈಲ್ ಸಂಖ್ಯೆ, ಒಟಿಪಿ, ಆಧಾರ್ ಸಂಖ್ಯೆ ಎಲ್ಲ ವಿಳಾಸದ ಜೊತೆ ಆಕ್ಸೆಸ್ ಲಾಗಿಗೆ ಬಂದು ಕೂರುತ್ತವೆ. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಪಾಸ್‌ವರ್ಡುಗಳು ಒಳಗಿನ ಲಾಗಿನಲ್ಲಿ ಮರೆಮಾಚದೆ ಇದ್ದ ಹಾಗೇ ದಾಖಲಾಗಿದ್ದವೆಂದು 2018ರ ಮೇನಲ್ಲಿ ಟ್ವಿಟರ್ ಒಪ್ಪಿಕೊಂಡು ಎಲ್ಲ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಲು ಸೂಚಿಸಿತು. ಅಂಥ ಫಾರ್ಮುಗಳನ್ನು ಪೋಸ್ಟ್ ವಿಧಾನಕ್ಕೆ ಬದಲಿಸಿ. ಅದಾಗುವ ತನಕ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ ಬರೆಯದಂತೆ ಲಾಗ್ ನಮೂನೆಯನ್ನು ತಿದ್ದಿ.

ಕೊನೆಯದು, ಲಾಗಿನ ಒಂದು ಪ್ರತಿ ಬೇರೆ ಯಂತ್ರದಲ್ಲಿರಲಿ. ಸರ್ವರಿಗೆ ನುಗ್ಗಿ ರೂಟ್ ಆದವರು ಮೊದಲು ಒರೆಸುವುದು ಲಾಗನ್ನೇ. ಆರ್‌ಸಿಸ್‌ಲಾಗ್‌ನಿಂದ ಸಾಲುಗಳನ್ನು ಆಗಿಂದಾಗ ಹೊರಗೆ ಕಳಿಸಬಹುದು: ಸಂರಚನೆಯಲ್ಲಿ ಒಂದು @ ಹಾಕಿದರೆ ಯುಡಿಪಿ, ಎರಡು ಹಾಕಿದರೆ ಟಿಸಿಪಿ, ಟಿಎಲ್‌ಎಸ್ ಬೇಕಾದರೆ ಅದಕ್ಕೆ ಗೊತ್ತುಪಡಿಸಿದ ಪೋರ್ಟ್ 6514. ಯುಡಿಪಿಯಲ್ಲಿ ದಾರಿಯಲ್ಲಿ ಸಾಲು ಬಿದ್ದುಹೋದರೂ ಗೊತ್ತಾಗುವುದಿಲ್ಲ. ಅಷ್ಟು ಬೇಡವೆಂದರೆ ರಾತ್ರಿಯ ಆರ್‌ಸಿಂಕ್ ಸಾಕು, ಆದರೆ ಅದನ್ನು ಓಡಿಸುವುದು ಪ್ರತಿ ಇಡುವ ಯಂತ್ರವಾಗಿರಲಿ. ವೆಬ್ ಸರ್ವರೇ ಅಲ್ಲಿಗೆ ಲಾಗಿನ್ ಆಗಿ ತಳ್ಳುವಂತಿದ್ದರೆ ಆ ಕೀಲಿಯೂ ನುಗ್ಗಿದವರ ಕೈಗೆ ಸಿಗುತ್ತದೆ. ಎಳೆಯುವ ಖಾತೆಗೆ ಲಾಗ್ ಫೋಲ್ಡರ್ ಓದುವ ಹಕ್ಕು ಮಾತ್ರ ಕೊಡಿ, ಆರ್‌ಸಿಂಕ್‌ನ ಡಿಲೀಟ್ ಆಯ್ಕೆ ಹಾಕಬೇಡಿ. ತಿಂಗಳಿಗೊಮ್ಮೆ ಆ ಯಂತ್ರದಲ್ಲಿ ‘ಜಿಜಿಪ್ -ಟಿ’ ಓಡಿಸಿ. ಡಿಸ್ಕ್ ತುಂಬಿದ ದಿನ ಕುಗ್ಗಿಸುವ ಕೆಲಸ ಅರ್ಧಕ್ಕೇ ನಿಂತ ಫೈಲುಗಳಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತವೆ.